ಇದು ಎಲ್ಲಿ ಸಿಕ್ಕಿತು ಎಂದು ಕೇಳುವ ಮೇಷ್ಟ್ರು ಬೇಕು

ಹೈಸ್ಕೂಲು ಮಕ್ಕಳ ಪ್ರಾಜೆಕ್ಟ್ ಪುಸ್ತಕ ಯಾವುದಾದರೂ ಒಂದನ್ನು ತೆರೆದು ನೋಡಿ. 'ಜಲಮಾಲಿನ್ಯ' ಎಂದೋ 'ಹೊಯ್ಸಳರ ವಾಸ್ತುಶಿಲ್ಪ' ಎಂದೋ ಸ್ಕೆಚ್ ಪೆನ್ನಿನಲ್ಲಿ ಬರೆದ ಶೀರ್ಷಿಕೆ, ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ ಅಂಟಿಸಿದ ಚಿತ್ರಗಳು, ನಡುವೆ ನಾಲ್ಕೈದು ಪುಟ ದುಂಡಗಿನ ಅಕ್ಷರದ ಬರಹ. ಆ ಬರಹದ ಕನ್ನಡ ಹದಿನೈದು ವರ್ಷದ ಮಗುವಿನದಲ್ಲ ಎಂಬುದು ಎರಡು ಸಾಲು ಓದುವಷ್ಟರಲ್ಲಿ ತಿಳಿಯುತ್ತದೆ. ಕೊನೆಯ ಪುಟದಲ್ಲಿ ಶಿಕ್ಷಕರ ಸಹಿ ಇರುತ್ತದೆ, ಅಂಕವೂ ಇರುತ್ತದೆ. ಈ ಮಾಹಿತಿ ಯಾವ ಪುಸ್ತಕದ್ದು, ಯಾವ ಜಾಲತಾಣದ್ದು ಎಂಬ ಒಂದು ಸಾಲು ಮಾತ್ರ ಇರುವುದಿಲ್ಲ. ಅದನ್ನು ಯಾರೂ ಕೇಳಿಲ್ಲ, ಹಾಗಾಗಿ ಮಗು ಬರೆದಿಲ್ಲ.

ಇದನ್ನು ಮಕ್ಕಳ ಕಳ್ಳತನ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಒಂದನೇ ತರಗತಿಯಿಂದ ಪಿಯುಸಿವರೆಗೆ ನಾವು ಅವರಿಂದ ಮಾಡಿಸಿದ್ದಾದರೂ ಏನು? ಬೋರ್ಡಿನ ಮೇಲಿನ ಪ್ರಶ್ನೋತ್ತರವನ್ನು ಅಕ್ಷರ ಬಿಡದೆ ಇಳಿಸಿಕೊಳ್ಳುವುದು, ಬಾಯಿಪಾಠ ಮಾಡುವುದು, ಪರೀಕ್ಷೆಯಲ್ಲಿ ಅದನ್ನೇ ಒಪ್ಪಿಸುವುದು. ಸ್ವಂತ ಮಾತಿನಲ್ಲಿ ಬರೆಯಹೋದ ಮಗುವಿಗೆ ಅಂಕ ಕಡಿಮೆಯಾಗುವ ಭಯ. ಡಿಕ್ಟೇಟ್ ಮಾಡುವ ನೋಟ್ಸ್ ಯಾವ ಗೈಡಿನಿಂದ ಬಂತು ಎಂದು ಮೇಷ್ಟ್ರೂ ಹೇಳುವುದಿಲ್ಲ. ಹನ್ನೆರಡು ವರ್ಷ ಯಥಾವತ್ತಾಗಿ ಇಳಿಸುವುದನ್ನೇ ಮೆಚ್ಚಿ ಬೆನ್ನು ತಟ್ಟಿ, ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದ ಮೇಲೆ ಅದಕ್ಕೇ ಕೃತಿಚೌರ್ಯ ಎಂಬ ಹೆಸರಿಟ್ಟು ಶಿಕ್ಷಿಸುತ್ತೇವೆ. ಕಲಿಸದ ಪಾಠಕ್ಕೆ ಪರೀಕ್ಷೆ ಇಡುವುದು ನ್ಯಾಯವಲ್ಲ.

ಶಿಕ್ಷೆಯ ನಿಯಮವೇನೋ ಸ್ಪಷ್ಟವಾಗಿದೆ. 2018ರ ಜುಲೈನಲ್ಲಿ ಯುಜಿಸಿ ಹೊರಡಿಸಿದ ನಿಯಮಾವಳಿಯ ಪ್ರಕಾರ ಸಂಶೋಧನಾ ಪ್ರಬಂಧದಲ್ಲಿ ಶೇ 10ರವರೆಗಿನ ಹೋಲಿಕೆಗೆ ದಂಡವಿಲ್ಲ. ಶೇ 10ರಿಂದ 40ರವರೆಗೆ ಇದ್ದರೆ ಆರು ತಿಂಗಳೊಳಗೆ ತಿದ್ದಿ ಕೊಡಬೇಕು. ಶೇ 40ರಿಂದ 60ರವರೆಗೆ ಇದ್ದರೆ ಒಂದು ವರ್ಷ ತಿದ್ದಿದ ಪ್ರಬಂಧವನ್ನು ಕೊಡುವಂತಿಲ್ಲ. ಶೇ 60 ದಾಟಿದರೆ ನೋಂದಣಿಯೇ ರದ್ದು. ಮೂಲವನ್ನು ಹೇಳಿ, ಉದ್ಧರಣ ಚಿಹ್ನೆಯೊಳಗೆ ಇಟ್ಟ ಮಾತು ಈ ಲೆಕ್ಕಕ್ಕೆ ಬರುವುದಿಲ್ಲ. ಅದೇ ನಿಯಮಾವಳಿ ಇನ್ನೊಂದು ಕರ್ತವ್ಯವನ್ನೂ ವಿಧಿಸಿದೆ. ಪ್ರತಿ ಸೆಮಿಸ್ಟರಿನಲ್ಲೂ ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ಈ ಬಗ್ಗೆ ತಿಳಿವಳಿಕೆ ಕೊಡಬೇಕು, ಪದವಿ ಮತ್ತು ಸ್ನಾತಕೋತ್ತರ ಪಠ್ಯದಲ್ಲೇ ಇದನ್ನು ಸೇರಿಸಬೇಕು ಎಂದಿದೆ. ಶೇಕಡಾವಾರು ಲೆಕ್ಕ ಸಂಶೋಧನಾ ವಿದ್ಯಾರ್ಥಿಗಳಿಗೆಲ್ಲ ಕಂಠಪಾಠವಾಗಿದೆ. ಕಲಿಸಬೇಕು ಎಂಬ ಭಾಗವನ್ನು ನೆನೆಯುವವರು ಕಡಿಮೆ.

ಅದರ ಫಲ ಕಣ್ಣೆದುರಿಗಿದೆ. 'ಸಿಮಿಲಾರಿಟಿ ಎಷ್ಟು ಬಂತು?' ಎಂಬುದೇ ಸಂಶೋಧಕರ ನಡುವಿನ ಕುಶಲಪ್ರಶ್ನೆಯಾಗಿದೆ. ಹತ್ತರೊಳಗೆ ಇಳಿಸಲು 'ಮಹತ್ವದ' ಎಂದಿದ್ದಲ್ಲಿ 'ಪ್ರಮುಖ' ಎಂದು ಹಾಕಿ, ವಾಕ್ಯವನ್ನು ಹಿಂದುಮುಂದು ಮಾಡಿದರೆ ಹೋಲಿಕೆ ಹುಡುಕುವ ಯಂತ್ರ ಸುಮ್ಮನಾಗುತ್ತದೆ. ಇನ್ನೊಬ್ಬರು ವರ್ಷಗಟ್ಟಲೆ ದುಡಿದು ಕಂಡುಕೊಂಡ ವಿಚಾರ ಮಾತ್ರ ಅವರ ಹೆಸರಿಲ್ಲದೆ ಹಾಗೆಯೇ ಉಳಿಯುತ್ತದೆ. ಕನ್ನಡದ ಮಟ್ಟಿಗಂತೂ ಯಂತ್ರವನ್ನು ನೆಚ್ಚಿ ಕೂರುವಂತೆಯೇ ಇಲ್ಲ. ಯುನಿಕೋಡ್ ಬರುವ ಮೊದಲಿನ ಅಕ್ಷರ ಸಂಕೇತದಲ್ಲಿ ಟೈಪಾದ ಪ್ರಬಂಧಗಳು ಕಂಪ್ಯೂಟರಿಗೆ ಕನ್ನಡವಾಗಿ ಕಾಣುವುದೇ ಇಲ್ಲ. ಹಳೆಯ ಪುಸ್ತಕಗಳು ಅಂತರ್ಜಾಲದಲ್ಲಿದ್ದರೂ ಎಷ್ಟೋ ಪುಟಗಳು ಬರೀ ಫೋಟೊ. ಇಂಗ್ಲಿಷಿನ ಅಧ್ಯಾಯವೊಂದನ್ನು ಅನುವಾದಿಸಿ ತನ್ನದೆಂದು ಸೇರಿಸಿದರೆ, ಎರಡೂ ಭಾಷೆಯ ಓದು ಇರುವ ಮಾರ್ಗದರ್ಶಕರೇ ಅದನ್ನು ಗುರುತಿಸಬೇಕು. ಯಂತ್ರ ಕಾವಲು ಕಾಯಲಾರದ ಕಡೆ ವಿದ್ಯಾರ್ಥಿಯ ಮೂಲ ಹೇಳುವ ಅಭ್ಯಾಸವೊಂದೇ ಕಾವಲು.

ಈ ಅಭ್ಯಾಸ ಸಂಶೋಧನೆಯ ಹಂತದಲ್ಲಿ ತಾನಾಗಿಯೇ ಬರುತ್ತದೆ ಎಂದು ನಂಬಿದವರಿಗೆ ಬೆಂಗಳೂರಿನದೇ ಒಂದು ನಿದರ್ಶನವಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳನ್ನೊಳಗೊಂಡ ತಂಡವೊಂದು 2011ರಲ್ಲಿ ಅಂತರರಾಷ್ಟ್ರೀಯ ಪತ್ರಿಕೆಯೊಂದರಲ್ಲಿ ಪ್ರಕಟಿಸಿದ ಪ್ರಬಂಧದ ಪೀಠಿಕೆಯಲ್ಲಿ, ಬೇರೆಯವರ ಪ್ರಬಂಧದ ಕೆಲವು ವಾಕ್ಯಗಳು ಯಥಾವತ್ತಾಗಿ ಬಂದಿದ್ದವು. ಪ್ರಯೋಗ ಅವರದೇ, ಫಲಿತಾಂಶವೂ ಅವರದೇ. ಎರವಲು ಬಂದದ್ದು ಪೀಠಿಕೆಯ ಇಂಗ್ಲಿಷ್ ವಾಕ್ಯಗಳು. ಲೇಖಕರು ಅದೇ ಪತ್ರಿಕೆಯಲ್ಲಿ ಬಹಿರಂಗವಾಗಿ ಕ್ಷಮೆ ಕೇಳಿದರು. ದೇಶದ ಅತ್ಯುತ್ತಮ ಪ್ರಯೋಗಾಲಯದಲ್ಲೇ ಇದು ನಡೆಯಬಹುದಾದರೆ, ಕನ್ನಡ ಮಾಧ್ಯಮದಲ್ಲಿ ಓದಿ ಪದವಿಗೆ ಬಂದು ಇಂಗ್ಲಿಷಿನಲ್ಲಿ ಅಸೈನ್‌ಮೆಂಟ್ ಬರೆಯಬೇಕಾದ ಹುಡುಗಿಯ ಪಾಡು ಏನು? ಅವಳಿಗೆ ವಿಷಯ ಅರ್ಥವಾಗಿರುತ್ತದೆ, ವಾಕ್ಯ ಕೂಡಿಬರುವುದಿಲ್ಲ. ತಪ್ಪು ಇಂಗ್ಲಿಷಿಗೆ ನಗುವವರಿರುವ ತರಗತಿಯಲ್ಲಿ ಪುಸ್ತಕದ ವಾಕ್ಯವನ್ನೇ ಇಳಿಸುವುದು ಅವಳಿಗೆ ಮಾನ ಉಳಿಸಿಕೊಳ್ಳುವ ದಾರಿ. ಮೊದಲ ಕರಡನ್ನು ಕನ್ನಡದಲ್ಲೇ ಬರೆ, ತಪ್ಪಾದರೂ ನಿನ್ನ ವಾಕ್ಯವೇ ಇರಲಿ, ಆಮೇಲೆ ಕೂಡಿ ತಿದ್ದೋಣ ಎಂದು ಹೇಳುವ ಅಧ್ಯಾಪಕರಿದ್ದರೆ ಅರ್ಧ ಕೃತಿಚೌರ್ಯ ಅಲ್ಲೇ ನಿಲ್ಲುತ್ತದೆ.

ಅವಸರದಲ್ಲಿ ಕಲಿಸಹೊರಟರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆಯಿದೆ. 2011ರಲ್ಲಿ ವಿಕಿಮೀಡಿಯ ಫೌಂಡೇಶನ್ ಪುಣೆಯಲ್ಲಿ ಒಂದು ಪ್ರಯೋಗಕ್ಕೆ ಕೈಹಾಕಿತು. ಕಾಲೇಜ್ ಆಫ್ ಎಂಜಿನಿಯರಿಂಗ್, ಸಿಂಬಯಾಸಿಸ್ ಸ್ಕೂಲ್ ಆಫ್ ಎಕನಾಮಿಕ್ಸ್ ಮೊದಲಾದ ಕಡೆ ವಿದ್ಯಾರ್ಥಿಗಳು ತರಗತಿಯ ಕೆಲಸವಾಗಿಯೇ ಇಂಗ್ಲಿಷ್ ವಿಕಿಪೀಡಿಯಕ್ಕೆ ಲೇಖನ ಬರೆಯಬೇಕಿತ್ತು. ಉದ್ದೇಶ ಒಳ್ಳೆಯದೇ. ಆದರೆ ಬಂದ ಬರಹದಲ್ಲಿ ಬಹಳಷ್ಟು ಪಠ್ಯಪುಸ್ತಕಗಳಿಂದ, ಜಾಲತಾಣಗಳಿಂದ ಎತ್ತಿದ್ದು. ಹಕ್ಕುಸ್ವಾಮ್ಯ ಮುರಿದ ಪುಟಗಳನ್ನು ಅಳಿಸುವ ಭಾರವೆಲ್ಲ ಸಂಬಳವಿಲ್ಲದ ಸ್ವಯಂಸೇವಕರ ಮೇಲೆ ಬಿತ್ತು. ಆ ವರ್ಷ ಮುಗಿಯುವುದರೊಳಗೆ ಪ್ರಯೋಗವನ್ನು ನಿಲ್ಲಿಸಬೇಕಾಯಿತು. ಆ ವಿದ್ಯಾರ್ಥಿಗಳು ದಡ್ಡರಲ್ಲ, ದುರುಳರೂ ಅಲ್ಲ. ಅಷ್ಟು ಮಂದಿಗೆ ಒಟ್ಟಿಗೆ ಬರೆಯುವ ಕೆಲಸ ಹಂಚುವ ಮೊದಲು, ಓದಿದ್ದನ್ನು ತನ್ನ ಮಾತಿಗೆ ತಂದುಕೊಳ್ಳುವುದು ಹೇಗೆ ಎಂದು ಪಕ್ಕದಲ್ಲಿ ಕುಳಿತು ತೋರಿಸುವವರು ಸಾಲದೆ ಹೋದರು.

ಮೂಲ ಹೇಳುವುದು ಪಶ್ಚಿಮದಿಂದ ಬಂದ ಶಿಷ್ಟಾಚಾರ, ನಮ್ಮದು ಎಲ್ಲರಿಗೂ ಸೇರಿದ ಜ್ಞಾನ ಎನ್ನುವವರಿದ್ದಾರೆ. ಅವರು ನಮ್ಮದೇ ಸಾಹಿತ್ಯ ಚರಿತ್ರೆಯನ್ನು ನೋಡಲಿ. ಹದಿಮೂರನೆಯ ಶತಮಾನದ ಮಲ್ಲಿಕಾರ್ಜುನ ಹಿಂದಿನ ಕಾವ್ಯಗಳಿಂದ ಪದ್ಯಗಳನ್ನು ಆಯ್ದು 'ಸೂಕ್ತಿಸುಧಾರ್ಣವ' ಸಂಕಲಿಸಿದ. ಅವನಿಂದಾಗಿ ಎಷ್ಟೋ ಒಳ್ಳೆಯ ಪದ್ಯಗಳು ಉಳಿದವು. ಆದರೆ ಯಾವ ಪದ್ಯ ಯಾರದೆಂದು ಅವನು ಬರೆದಿಡಲಿಲ್ಲ. ಅವುಗಳ ಮೂಲ ಹುಡುಕಲು ವಿದ್ವಾಂಸರು ಎಷ್ಟು ಶ್ರಮಪಟ್ಟರೂ, ಕಳೆದುಹೋದ ಕಾವ್ಯಗಳಿಂದ ಬಂದ ಪದ್ಯಗಳ ಕವಿಗಳು ಅನಾಮಿಕರಾಗಿಯೇ ಉಳಿದಿದ್ದಾರೆ. ಅವನ ಮಗ ಕೇಶಿರಾಜ 'ಶಬ್ದಮಣಿದರ್ಪಣ'ದ ಆರಂಭದಲ್ಲೇ ತನ್ನ ವ್ಯಾಕರಣಕ್ಕೆ ಆಧಾರವಾದ ಕವಿಗಳ ಪಟ್ಟಿ ಕೊಟ್ಟ. ಗಜಗ, ಗುಣನಂದಿ, ಮನಸಿಜ, ಅಸಗರ ಹೆಸರು ಅಲ್ಲಿವೆ. ಇವರ ಕನ್ನಡ ಕೃತಿಗಳು ನಮಗೆ ಸಿಕ್ಕಿಲ್ಲ. ಅದಕ್ಕೂ ನಾಲ್ಕು ಶತಮಾನ ಹಿಂದೆ 'ಕವಿರಾಜಮಾರ್ಗ' ವಿಮಲ, ಉದಯ, ನಾಗಾರ್ಜುನ, ಜಯಬಂಧು, ದುರ್ವಿನೀತರನ್ನು ಗದ್ಯ ಬರೆದವರೆಂದು ಹೆಸರಿಸಿತ್ತು. ಕನ್ನಡ ಗದ್ಯ ಅಷ್ಟು ಹಳೆಯದು ಎಂದು ನಾವು ಹೆಮ್ಮೆಪಡುವುದು ಆ ಒಂದು ಉಲ್ಲೇಖದ ಬಲದಿಂದ. ಪುಸ್ತಕವೇ ಅಳಿದರೂ ಬರೆದವನು ಅಳಿಯದಂತೆ ಕಾಯುವ ಶಕ್ತಿ ಮೂಲ ಹೇಳುವ ಒಂದು ಸಾಲಿಗಿದೆ. ಮಕ್ಕಳಿಗೆ ದಂಡದ ಭಯಕ್ಕಿಂತ ಮೊದಲು ಈ ಕಥೆ ಹೇಳಬೇಕು.

ಕಲಿಸುವುದು ಕಷ್ಟವಲ್ಲ. ಐದನೇ ತರಗತಿಯ ಮಗುವಿಗೆ 'ನನಗೆ ಇದು ತಿಳಿದದ್ದು' ಎಂದು ಶುರುವಾಗುವ ಒಂದು ವಾಕ್ಯ ಸಾಕು. ಅಜ್ಜಿ ಹೇಳಿದ ಗಾದೆಯಾದರೆ ಅಜ್ಜಿಯ ಹೆಸರು, ಊರು ಬರೆಯಲಿ. ಜಾನಪದ ಸಂಗ್ರಹಕಾರರು ಹಾಡು ಹೇಳಿದ ವಕ್ತೃವಿನ ಹೆಸರು, ವಯಸ್ಸು, ಊರು ದಾಖಲಿಸುವುದು ಇದೇ ಕಾರಣಕ್ಕೆ. ಹೈಸ್ಕೂಲಿನಲ್ಲಿ ಪುಸ್ತಕದ ಹೆಸರು, ಲೇಖಕರು, ಪ್ರಕಾಶಕರು, ವರ್ಷ, ಪುಟ ಬರಲಿ. ಜಾಲತಾಣವಾದರೆ ಲೇಖನದ ಹೆಸರು, ಅದನ್ನು ನಡೆಸುವವರು, ನೋಡಿದ ದಿನಾಂಕ ಇರಲಿ. 'ಮೂಲ: ಗೂಗಲ್' ಎಂದು ಬರೆದರೆ ಒಪ್ಪಬಾರದು. ಗೂಗಲ್ ಹುಡುಕಿಕೊಟ್ಟಿತಷ್ಟೇ, ಬರೆದವರು ಬೇರೆ. ಚಿತ್ರಕ್ಕೂ ಇದೇ ನಿಯಮ. ವಿಕಿಪೀಡಿಯದ ಬರಹವನ್ನು ಯಾರು ಬೇಕಾದರೂ ಬಳಸಬಹುದು, ಆದರೆ ಮೂಲ ಹೇಳಬೇಕೆಂಬುದು ಅದರ ಪರವಾನಗಿಯ ಷರತ್ತು. ಪಿಯುಸಿಯಲ್ಲಿ ಇನ್ನೊಂದು ಅಭ್ಯಾಸ ಸೇರಲಿ: ಒಂದು ಪುಟ ಓದಿ, ಪುಸ್ತಕ ಮುಚ್ಚಿಟ್ಟು, ನೆನಪಿನಲ್ಲಿ ಉಳಿದದ್ದನ್ನು ತನ್ನ ಮಾತಿನಲ್ಲಿ ಬರೆಯುವುದು. ಆಮೇಲೆ ಪುಸ್ತಕ ತೆರೆದು ಹೋಲಿಸುವುದು. ಮೂಲದ ಮಾತೇ ಬೇಕೆನಿಸಿದ ಕಡೆ ಉದ್ಧರಣ ಚಿಹ್ನೆ ಹಾಕುವುದು. ಪದವಿಗೆ ಬರುವ ಹೊತ್ತಿಗೆ ಅಡಿಟಿಪ್ಪಣಿ ಅವರಿಗೆ ಹೊಸ ಕಾಟ ಎನಿಸುವುದಿಲ್ಲ.

ಕೃತಕ ಬುದ್ಧಿಮತ್ತೆ ಬಂದ ಮೇಲೆ ಈ ಕಲಿಕೆಯ ಅಗತ್ಯ ಇಮ್ಮಡಿಯಾಗಿದೆ. ಚಾಟ್‌ಜಿಪಿಟಿಯಂಥ ತಂತ್ರಾಂಶ ಉತ್ತರದ ಜೊತೆ ಆಕರಗಳನ್ನೂ ಸೃಷ್ಟಿಸಿಕೊಡಬಲ್ಲದು. ನಿಜವಾದ ಲೇಖಕರ ಹೆಸರು, ನಂಬುವಂಥ ಶೀರ್ಷಿಕೆ, ವರ್ಷ ಎಲ್ಲ ಇರುತ್ತದೆ, ಅಂಥ ಪುಸ್ತಕ ಮಾತ್ರ ಇರುವುದಿಲ್ಲ. 2023ರಲ್ಲಿ ನ್ಯೂಯಾರ್ಕಿನ ವಕೀಲರಿಬ್ಬರು ಹೀಗೆ ಹುಟ್ಟಿದ ತೀರ್ಪುಗಳನ್ನು ಕೋರ್ಟಿಗೆ ಕೊಟ್ಟು 5,000 ಡಾಲರ್ ದಂಡಕ್ಕೆ ಗುರಿಯಾದರು. 2025ರ ಮಾರ್ಚಿನಲ್ಲಿ ಕರ್ನಾಟಕ ಹೈಕೋರ್ಟ್, ಬೆಂಗಳೂರಿನ ಸಿವಿಲ್ ನ್ಯಾಯಾಲಯದ ಆದೇಶವೊಂದರಲ್ಲಿ ಉಲ್ಲೇಖಗೊಂಡ ಸುಪ್ರೀಂ ಕೋರ್ಟ್ ತೀರ್ಪುಗಳು ಅಸ್ತಿತ್ವದಲ್ಲೇ ಇಲ್ಲವೆಂದು ಗಂಭೀರ ಆಕ್ಷೇಪ ವ್ಯಕ್ತಪಡಿಸಿತು. ಕಾನೂನು ಓದಿದವರೇ ಎಡವುವ ಜಾಗದಲ್ಲಿ ಮಕ್ಕಳನ್ನು ಬರಿಗೈಯಲ್ಲಿ ಬಿಡುವುದು ತರವಲ್ಲ. ತಾನು ಕೈಯಲ್ಲಿ ಹಿಡಿದು, ತೆರೆದು, ಓದಿದ ಆಕರವನ್ನಷ್ಟೇ ಬರೆಯಬೇಕು ಎಂಬ ಕಟ್ಟುಪಾಡು ಇದ್ದರೆ ಈ ಮೋಸ ನಡೆಯದು.

ದಾರಿ ಇಲ್ಲದೆ ಇಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಆಂತರಿಕ ಅಂಕಗಳಿವೆ. ಪಿಯುಸಿಯಲ್ಲೂ 2023-24ರಿಂದ ಪ್ರಾಯೋಗಿಕ ಪರೀಕ್ಷೆ ಇಲ್ಲದ ವಿಷಯಗಳಿಗೆ 80 ಅಂಕದ ಲಿಖಿತ ಪರೀಕ್ಷೆಯ ಜೊತೆ 20 ಆಂತರಿಕ ಅಂಕ ಬಂದಿವೆ. ಪ್ರಾಜೆಕ್ಟಿಗೆ ಕೊಡುವ ಅಂಕದಲ್ಲಿ ಒಂದು ಪಾಲನ್ನು ಆಕರಗಳಿಗೆ, ಮತ್ತೊಂದು ಪಾಲನ್ನು ಬರೆದದ್ದನ್ನು ಬಾಯಿಮಾತಿನಲ್ಲಿ ವಿವರಿಸುವುದಕ್ಕೆ ಇಲಾಖೆ ಮೀಸಲಿಡಲಿ. ಅರವತ್ತು ಮಕ್ಕಳ ತರಗತಿಯಲ್ಲಿ ಇದು ಆಗದ ಮಾತು ಎಂದು ಶಿಕ್ಷಕರು ಹೇಳಬಹುದು, ಅವರ ಹೊರೆ ಸುಳ್ಳಲ್ಲ. ಹಾಗಿದ್ದರೆ ಪ್ರಾಜೆಕ್ಟುಗಳ ಸಂಖ್ಯೆ ಇಳಿಯಲಿ. ವರ್ಷಕ್ಕೆ ಒಂದೇ ಪ್ರಾಜೆಕ್ಟ್ ಇದ್ದರೂ ಎರಡು ಪುಟ ಮಗುವಿನ ಸ್ವಂತದ್ದಾಗಿ, ಮೂರು ಆಕರ ನಿಜವಾದದ್ದಾಗಿ ಇರಲಿ. ಊರಿನ ಗ್ರಂಥಾಲಯಕ್ಕೆ ಮಗುವನ್ನು ಕರೆದೊಯ್ಯುವುದು, ಕೆರೆಯ ಬಗ್ಗೆ ಹಿರಿಯರನ್ನು ಕೇಳಿ ಬರೆಸುವುದು ಆಗ ಸಾಧ್ಯವಾಗುತ್ತದೆ. ಅಂಥ ಬರಹವನ್ನು ಯಾವ ಜಾಲತಾಣದಿಂದಲೂ ಇಳಿಸಿಕೊಳ್ಳಲಾಗದು.

ಇಲಾಖೆಯ ಸುತ್ತೋಲೆ ಬರುವವರೆಗೆ ಶಿಕ್ಷಕರು ಕಾಯಬೇಕಾಗಿಲ್ಲ. ನೋಟ್ಸ್ ಬರೆಸುವಾಗ ಅದು ಯಾವ ಪುಸ್ತಕದಿಂದ ಬಂತೆಂದು ಬೋರ್ಡಿನ ಮೂಲೆಯಲ್ಲಿ ಬರೆಯಲಿ. ಪಾಠ ಹೇಳುವವರು ತಮ್ಮ ಮೂಲವನ್ನು ಹೇಳತೊಡಗಿದರೆ, ಅದು ನಾಚಿಕೆಯ ವಿಷಯವಲ್ಲ, ಓದಿದವರ ಲಕ್ಷಣ ಎಂದು ಮಕ್ಕಳಿಗೆ ಮನದಟ್ಟಾಗುತ್ತದೆ. ಅಂಕದ ಹಂಚಿಕೆ ಸರ್ಕಾರದ ಕೈಯಲ್ಲಿದೆ, ಬೋರ್ಡು ನಮ್ಮ ಶಿಕ್ಷಕರ ಕೈಯಲ್ಲಿದೆ. ಬೋರ್ಡಿನಿಂದ ಕೆಲಸ ಶುರುವಾದರೆ ಸರ್ಕಾರವನ್ನು ಕೇಳುವ ನೈತಿಕ ಬಲವೂ ನಮಗೆ ಬರುತ್ತದೆ.