ಇಸ್ರೇಲಿನ ಪ್ಯಾಲೆಸ್ಟೀನಿ ಪ್ರಜೆಗಳ ಹಕ್ಕೊತ್ತಾಯ ಪತ್ರ

ಇವರಿಗೆ: ಇಸ್ರೇಲಿನ ಸಂಸತ್ತು ಕ್ನೆಸೆಟ್, ಜೆರುಸಲೇಮ್

ಈ ದೇಶದ ಐವರು ಪ್ರಜೆಗಳಲ್ಲಿ ಒಬ್ಬರು ನಾವು. ಮತ ಹಾಕುತ್ತೇವೆ, ತೆರಿಗೆ ಕಟ್ಟುತ್ತೇವೆ. 1966ರವರೆಗೆ ಊರು ಬಿಟ್ಟು ಹೊರಡಲು ಸೇನಾ ಆಡಳಿತದ ಪರವಾನಗಿ ಬೇಕಿತ್ತು. ಆ ಆಡಳಿತ ಹೋಯಿತು, ಅದರ ನೆರಳಲ್ಲಿ ಕಳೆದುಕೊಂಡ ನೆಲ ಮರಳಲಿಲ್ಲ. ಆದ್ದರಿಂದ ಒತ್ತಾಯಿಸುತ್ತೇವೆ:

1. 2018ರ ರಾಷ್ಟ್ರ-ರಾಜ್ಯ ಕಾನೂನನ್ನು ರದ್ದುಪಡಿಸಿ. 1948ರ ಸ್ವಾತಂತ್ರ್ಯ ಘೋಷಣೆ ಎಲ್ಲ ನಿವಾಸಿಗಳಿಗೂ ಸಮಾನತೆಯ ಮಾತು ಕೊಟ್ಟಿತ್ತು. ಈ ಕಾನೂನಿನಲ್ಲಿ ಸಮಾನತೆಯ ಸುದ್ದಿಯೇ ಇಲ್ಲ. ಅರಬ್ಬಿಗೆ ಅಧಿಕೃತ ಭಾಷೆಯ ಸ್ಥಾನ ಮರಳಲಿ.

2. ಇಕ್ರಿತ್ ಗ್ರಾಮಸ್ಥರನ್ನು ಊರಿಗೆ ಬಿಡಿ. 1948ರ ನವೆಂಬರಿನಲ್ಲಿ ಸೇನೆ ಎರಡು ವಾರದ ಮಟ್ಟಿಗೆಂದು ಹೇಳಿ ಅವರನ್ನು ಹೊರಡಿಸಿತು. 1951ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯ ಅವರ ಪರ ತೀರ್ಪಿತ್ತಿತು. ಅದೇ ವರ್ಷ ಕ್ರಿಸ್‌ಮಸ್ ಹಿಂದಿನ ದಿನ, ಕ್ರೈಸ್ತರೇ ಇದ್ದ ಆ ಊರಿನ ಮನೆಗಳನ್ನು ಸೇನೆ ಸಿಡಿಸಿತು. ಚರ್ಚು, ಸ್ಮಶಾನ ಉಳಿದಿವೆ. ಸತ್ತವರನ್ನು ಅಲ್ಲಿ ಹೂಳಲು ಅಪ್ಪಣೆ ಇದೆ, ಬದುಕಿರುವವರು ನೆಲೆಸಲು ಇಲ್ಲ. 2003ರಲ್ಲಿ ಅದೇ ನ್ಯಾಯಾಲಯ ಭದ್ರತೆಯ ನೆಪವನ್ನು ಒಪ್ಪಿ ಅರ್ಜಿಯನ್ನು ತಳ್ಳಿಹಾಕಿತು. ನೆಪ ಎಂದೇ ಕರೆಯುತ್ತೇವೆ: ಇವರು ಯಾರ ಮೇಲೂ ಕಲ್ಲೆತ್ತಿದವರಲ್ಲ. 1953ರಲ್ಲಿ ನೆಲಸಮವಾದ ಬಿರಿಮ್ ಊರಿನವರಿಗೂ ಇದೇ ನ್ಯಾಯ ಸಲ್ಲಲಿ. ಇನ್ನೊಂದು ಸಮಿತಿ ಮಾತ್ರ ಬೇಡ.

3. ದೇಶದೊಳಗೇ ಇದ್ದವರನ್ನೂ ಗೈರುಹಾಜರೆಂದು ಬರೆದುಕೊಂಡು ಆಸ್ತಿ ಕಿತ್ತ 1950ರ ಕಾನೂನು ಹೋಗಲಿ.

4. ನೆಗೆವ್‌ನ ಮಾನ್ಯತೆಯಿಲ್ಲದ ಬೆದೂಯಿನ್ ಹಳ್ಳಿಗಳಿಗೆ ಮಾನ್ಯತೆ, ನೀರು, ವಿದ್ಯುತ್ ಕೊಡಿ. ಅಲ್ ಅರಾಕೀಬನ್ನು 2010ರಿಂದ ಇನ್ನೂರಕ್ಕೂ ಹೆಚ್ಚು ಸಲ ಕೆಡವಿದ್ದೀರಿ. ಉಮ್ ಅಲ್ ಹೀರಾನಿನ ಜನರನ್ನು 1956ರಲ್ಲಿ ಅಲ್ಲಿ ನೆಲೆಗೊಳಿಸಿದ್ದು ನಿಮ್ಮದೇ ಸೇನಾ ಆಡಳಿತ. 2024ರ ನವೆಂಬರಿನಲ್ಲಿ ಮಸೀದಿಯನ್ನೂ ಬಿಡದೆ ಉರುಳಿಸಿದಿರಿ, ಅದೇ ಜಾಗದಲ್ಲಿ ಯಹೂದಿ ಊರು ಕಟ್ಟಲು. ಯಹೂದಿ ಊರುಗಳಿಗೆ ನಮ್ಮ ತಕರಾರಿಲ್ಲ. ನಮ್ಮದನ್ನು ಕೆಡವಿ ಕಟ್ಟುವುದಕ್ಕೆ ಇದೆ.

5. ವೆಸ್ಟ್ ಬ್ಯಾಂಕ್ ಅಥವಾ ಗಾಜಾದವರನ್ನು ಮದುವೆಯಾದ ಪ್ರಜೆಗಳು ಸಂಗಾತಿಯೊಡನೆ ಇಲ್ಲೇ ಬಾಳಲಿ. ಅದಕ್ಕೆ ಅಡ್ಡವಾದ, 2022ರಲ್ಲಿ ಮತ್ತೆ ತಂದ ಪೌರತ್ವ ಕಾನೂನು ರದ್ದಾಗಲಿ.

6. 2000ದ ಅಕ್ಟೋಬರಿನ ಪ್ರತಿಭಟನೆಗಳಲ್ಲಿ 13 ಮಂದಿ ಸತ್ತರು. ಇದರ ತನಿಖೆ ನಡೆಸಿದ ಓರ್ ಆಯೋಗ 2003ರಲ್ಲಿ ಪೊಲೀಸರ ತಪ್ಪುಗಳನ್ನು ಬರೆದಿಟ್ಟರೂ ಒಬ್ಬ ಪೊಲೀಸನ ಮೇಲೂ ಆರೋಪಪಟ್ಟಿ ಸಲ್ಲಿಕೆಯಾಗಲಿಲ್ಲ. ಕಡತ ತೆರೆಯಿರಿ. ಜೊತೆಗೆ, 2023ರ ಒಂದೇ ವರ್ಷದಲ್ಲಿ ನಮ್ಮ ಸಮುದಾಯದಲ್ಲಿ ಇನ್ನೂರಕ್ಕೂ ಹೆಚ್ಚು ಕೊಲೆಗಳಾದವು. ಅವುಗಳ ತನಿಖೆಗೂ ಪೊಲೀಸರು ಬರಲಿ.