ಹಾರಾಟ ಕಡಿಮೆಯಾದಾಗ ಪೈಲಟ್‌ಗಳು ಗಂಟೆ ಹಂಚಿಕೊಳ್ಳಬೇಕೆ?

ಪರ: ಎಲ್ಲರೂ ಸ್ವಲ್ಪ ಕಡಿಮೆ ಹಾರಲಿ, ಯಾರೂ ಮನೆಗೆ ಹೋಗುವುದು ಬೇಡ

2020ರ ಸೆಪ್ಟೆಂಬರ್ ಕೊನೆಗೆ ಅಮೆರಿಕದ ಯುನೈಟೆಡ್ ಏರ್‌ಲೈನ್ಸ್ ಪೈಲಟ್‌ಗಳು ಒಂದು ಒಪ್ಪಂದಕ್ಕೆ ಮತ ಹಾಕಿದರು. ಕೋವಿಡ್ ಹೊಡೆತಕ್ಕೆ 2,850 ಪೈಲಟ್‌ಗಳನ್ನು ಕಳಿಸಲು ಕಂಪನಿ ಸಿದ್ಧವಾಗಿತ್ತು. ಉಳಿದಿರುವ ಹಾರಾಟವನ್ನು ಎಲ್ಲರೂ ಹಂಚಿಕೊಂಡು ತಿಂಗಳ ಖಾತ್ರಿ ಗಂಟೆ ಇಳಿಸಿಕೊಂಡರೆ 2021ರ ಜೂನ್‌ವರೆಗೆ ಒಬ್ಬರನ್ನೂ ತೆಗೆಯುವುದಿಲ್ಲ ಎಂಬುದು ಕರಾರು. ನೂರಕ್ಕೆ 58 ಮಂದಿ ಒಪ್ಪಿದರು. ಅತ್ತ ಅಕ್ಟೋಬರ್ 1ರಂದು ಅಮೆರಿಕನ್ ಏರ್‌ಲೈನ್ಸ್ ಸುಮಾರು 1,600 ಪೈಲಟ್‌ಗಳನ್ನು ಮನೆಗೆ ಕಳಿಸಿತು. ಮೂರು ತಿಂಗಳು ತುಂಬುವ ಮೊದಲೇ ಸರ್ಕಾರದ ಹೊಸ ನೆರವು ಮಂಜೂರಾಗಿ ಅವರನ್ನು ವಾಪಸ್ ಕರೆಯಬೇಕಾಯಿತು. ಒಂದೇ ದೇಶ, ಒಂದೇ ಮಾರುಕಟ್ಟೆ, ಒಂದೇ ಸಮಯ. ಯಾರ ದಾರಿ ಸರಿ ಎಂದು ಹೇಳಲು ನನಗೆ ಯೋಚಿಸಬೇಕಾಗಿಲ್ಲ.

ಹೊರಗಿನವರಿಗೆ ಇದು ದಯೆ-ದಾಕ್ಷಿಣ್ಯದ ಪ್ರಶ್ನೆಯಾಗಿ ಕಾಣುತ್ತದೆ. ಅಲ್ಲ, ಇದು ತರಬೇತಿಯ ಪ್ರಶ್ನೆ. ಸೀನಿಯಾರಿಟಿ ಪಟ್ಟಿಯ ಪ್ರಕಾರ ಕೊನೆಗೆ ಸೇರಿದವರು ಮೊದಲು ಹೊರಗೆ. ಆ ಹುಡುಗರು ಕೂತಿದ್ದದ್ದು ಸಣ್ಣ ವಿಮಾನಗಳ ಬಲಗಡೆ ಸೀಟಿನಲ್ಲಿ. ಆದರೆ ಹಿಂಜರಿತದಲ್ಲಿ ಮೊದಲು ನಿಲ್ಲುವುದು ಖಂಡಾಂತರ ಹೋಗುವ ದೊಡ್ಡ ವಿಮಾನಗಳು. ಅವುಗಳ ಕ್ಯಾಪ್ಟನ್‌ಗಳು ಸಣ್ಣ ವಿಮಾನಕ್ಕೆ ಇಳಿಯುತ್ತಾರೆ, ಅಲ್ಲಿದ್ದ ಕ್ಯಾಪ್ಟನ್‌ಗಳು ಫಸ್ಟ್ ಆಫೀಸರ್ ಸೀಟಿಗೆ ಸರಿಯುತ್ತಾರೆ, ಅಲ್ಲಿದ್ದವರು ಬಾಗಿಲಿನತ್ತ. ಹೀಗೆ ಸರಿದ ಒಬ್ಬೊಬ್ಬರಿಗೂ ಹೊಸ ಸೀಟಿಗೆ ತಕ್ಕ ತರಬೇತಿ, ಸಿಮ್ಯುಲೇಟರ್, ಪರೀಕ್ಷೆ, ನಂತರ ತರಬೇತುದಾರನ ಜೊತೆ ಹಾರಾಟ ಆಗಲೇಬೇಕು. ಒಬ್ಬನನ್ನು ಕಳಿಸಿದರೆ ಮೂರು ನಾಲ್ಕು ಜನರಿಗೆ ತರಬೇತಿ ಕೊಡಬೇಕಾಗಬಹುದು. ಪ್ರಯಾಣಿಕರು ಮರಳಿದಾಗ ಅದಷ್ಟನ್ನೂ ತಿರುಗಿಸಿ ಮಾಡಬೇಕು. ಸಂಬಳದಲ್ಲಿ ಉಳಿಸಿದೆ ಎಂದು ಬೀಗುವ ಕಂಪನಿ ಈ ಖರ್ಚನ್ನು ಬೇರೆ ಖಾತೆಯಲ್ಲಿ ಬರೆದುಕೊಳ್ಳುತ್ತದೆ, ಅಷ್ಟೇ ವ್ಯತ್ಯಾಸ. ಗಂಟೆ ಹಂಚಿಕೊಂಡರೆ ಇವರಲ್ಲಿ ಹೆಚ್ಚಿನವರು ಇದ್ದ ಸೀಟಿನಲ್ಲೇ ಇರುತ್ತಾರೆ.

ಈಗ ಕೌಶಲದ ಮಾತು. ತಿಂಗಳುಗಟ್ಟಲೆ ಹಾರದೆ ಸಿಮ್ಯುಲೇಟರ್‌ಗೆ ಬಂದವರ ಬೆನ್ನ ಹಿಂದೆ ಕೂತು ತರಬೇತಿ ಕೊಡುವವನು ನಾನು. ಎಂಜಿನ್ ಕೆಡಿಸಿದರೆ ಅವರು ಚೆನ್ನಾಗಿಯೇ ನಿಭಾಯಿಸುತ್ತಾರೆ, ಅದನ್ನು ಓದಿಕೊಂಡು ಬಂದಿರುತ್ತಾರೆ. ತಡವರಿಸುವುದು ಸಣ್ಣದರಲ್ಲಿ. ನೆಲದ ಸಂಚಾರ ನಿಯಂತ್ರಕರು (ಎಟಿಸಿ) ಹೇಳಿದ ಎತ್ತರವನ್ನು ಬಾಯಿ ತಿರುಗಿ ಹೇಳುತ್ತಿರುತ್ತದೆ, ಕೈ ಮಾತ್ರ ನಾಬ್ ಮೇಲೆ ಸುಮ್ಮನೆ ನಿಂತಿರುತ್ತದೆ. ರೆಕ್ಕೆಯ ಫ್ಲಾಪ್ ಕೇಳುವುದು ಒಂದೆರಡು ಸೆಕೆಂಡ್ ತಡ. ಚೆಕ್‌ಲಿಸ್ಟ್‌ನ ಒಂದು ಸಾಲಿಗೆ ಉತ್ತರ ಬರುತ್ತದೆ, ಕಣ್ಣು ಆ ಸ್ವಿಚ್ಚಿನ ಕಡೆ ಹೋಗಿರುವುದಿಲ್ಲ. ಕೋವಿಡ್ ಕಾಲದಲ್ಲಿ ಅಮೆರಿಕದ ಪೈಲಟ್‌ಗಳೇ ನಾಸಾ ನಡೆಸುವ ಸುರಕ್ಷತಾ ವರದಿ ವ್ಯವಸ್ಥೆಗೆ, ಅಭ್ಯಾಸ ತಪ್ಪಿದ್ದರಿಂದ ತಪ್ಪು ಮಾಡಿದೆವು ಎಂದು ಬರೆದುಕೊಂಡರು. 90 ದಿನಗಳಲ್ಲಿ ಮೂರು ಟೇಕಾಫ್, ಮೂರು ಲ್ಯಾಂಡಿಂಗ್ ಎಂಬ ನಿಯಮ ಸಿಮ್ಯುಲೇಟರ್‌ನಲ್ಲೂ ಪೂರೈಸುತ್ತದೆ. ಆದರೆ ಕೈಗೆ ಬೇಕಾದ ಸಲಿಗೆ ಅಷ್ಟಕ್ಕೆ ಬರುವುದಿಲ್ಲ. ತಿಂಗಳಿಗೆ ನಲವತ್ತು ಗಂಟೆ ಹಾರುವವನು ಪೈಲಟ್ ಆಗಿಯೇ ಉಳಿಯುತ್ತಾನೆ. ಸೊನ್ನೆ ಗಂಟೆಯವನ ವಿಷಯದಲ್ಲಿ ಆ ಮಾತು ಹೇಳಲಾರೆ.

ನಮ್ಮ ದೇಶಕ್ಕಂತೂ ಈ ವಾದ ಇನ್ನಷ್ಟು ಅನ್ವಯಿಸುತ್ತದೆ. ಅಮೆರಿಕದಲ್ಲಿ ಕಳಿಸಿದವರನ್ನು ಸೀನಿಯಾರಿಟಿ ಪ್ರಕಾರವೇ ವಾಪಸ್ ಕರೆಯಬೇಕೆಂದು ಒಪ್ಪಂದದಲ್ಲೇ ಇರುತ್ತದೆ. ಇಲ್ಲಿ ‘ವೇತನರಹಿತ ರಜೆ’ ಎಂಬ ಒಂದು ಇಮೇಲ್ ಬರುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಸ್ಪೈಸ್‌ಜೆಟ್ 80 ಪೈಲಟ್‌ಗಳನ್ನು ಮೂರು ತಿಂಗಳು ಹೀಗೇ ಕೂರಿಸಿತು. ಜಕ್ಕೂರಿನಲ್ಲೋ ರಾಯ್‌ಬರೇಲಿಯಲ್ಲೋ ಕಲಿತು, ಲೈಸೆನ್ಸ್‌ಗೂ ಒಂದು ಮಾದರಿಯ ವಿಮಾನ ಹಾರಿಸಲು ಬೇಕಾದ ಟೈಪ್ ರೇಟಿಂಗ್‌ಗೂ ಹತ್ತಾರು ಲಕ್ಷ ಸಾಲ ಮಾಡಿ, ಈಗಷ್ಟೇ ಮೊದಲ ಸಂಬಳ ಕಂಡ ಹುಡುಗಿಗೆ ಬ್ಯಾಂಕ್ ರಜೆ ಕೊಡುವುದಿಲ್ಲ. ಇಪ್ಪತ್ತು ವರ್ಷ ಹಾರಿದ ಕ್ಯಾಪ್ಟನ್ ತಿಂಗಳಿಗೆ ಹದಿನೈದು ಗಂಟೆ ಬಿಟ್ಟುಕೊಟ್ಟರೆ ಅವರ ಮನೆಯಲ್ಲಿ ಪ್ರವಾಸ ತಪ್ಪಬಹುದು, ಹೊಸ ಕಾರು ಮುಂದಕ್ಕೆ ಹೋಗಬಹುದು. ಹಿರಿಯರಿಗೆ ಅನ್ಯಾಯ ಎನ್ನುವವರಿಗೆ ಇದಕ್ಕಿಂತ ಹೆಚ್ಚಿನ ಉತ್ತರ ಕೊಡಬೇಕು ಅಂತ ನನಗನ್ನಿಸುವುದಿಲ್ಲ. ಕಡಿಮೆ ಮಾಡಿದ ಗಂಟೆಯನ್ನು ಆಡಳಿತ ಮಂಡಳಿ ಮರಳಿ ಕೊಡುವುದೇ ಎಂಬ ಅನುಮಾನ ನಿಜವಾದದ್ದು, ಒಪ್ಪುತ್ತೇನೆ. ಅದಕ್ಕೆ ಯೂನಿಯನ್‌ಗಳಿವೆ, ಒಪ್ಪಂದಪತ್ರ ಇದೆ, ದಿನಾಂಕ ಬರೆಸಿಕೊಳ್ಳಿ.

ವಿರೋಧ: ಹಂಚಿಕೊಂಡದ್ದು ಕೊನೆಗೆ ಸಂಬಳ ಕಡಿತವಾಗಿಯೇ ಉಳಿಯುತ್ತದೆ

ವಿಮಾನ ಸಂಸ್ಥೆಗಳ ಸಿಬ್ಬಂದಿ ಯೋಜನಾ ವಿಭಾಗದಲ್ಲಿ ಬಹಳ ಕಾಲ ಕೆಲಸ ಮಾಡಿದವನಾಗಿ ಗಂಟೆ ಹಂಚಿಕೆಯನ್ನು ವಿರೋಧಿಸುತ್ತೇನೆ.

ಮೊದಲನೆಯದು ಹಣ. ಜರ್ಮನಿಯಲ್ಲಿ ಗಂಟೆ ಕಡಿಮೆಯಾದರೆ ಕಳೆದುಹೋದ ನಿವ್ವಳ ಸಂಬಳದಲ್ಲಿ ಶೇ 60ರಷ್ಟನ್ನು, ಮಕ್ಕಳಿದ್ದವರಿಗೆ ಶೇ 67ರಷ್ಟನ್ನು ಸರ್ಕಾರದ ಉದ್ಯೋಗ ಸಂಸ್ಥೆ ತುಂಬಿಕೊಡುವ ಹಳೆಯ ಪದ್ಧತಿಯಿದೆ. ಲುಫ್ತಾನ್ಸಾ ಕೋವಿಡ್‌ನಲ್ಲಿ ಅದನ್ನೇ ನೆಚ್ಚಿಕೊಂಡಿತು. ಭಾರತದಲ್ಲಿ ಅಂಥದ್ದೇನೂ ಇಲ್ಲ. ಇಲ್ಲಿ ‘ಹಂಚಿಕೆ’ ಅಂದರೆ ನಷ್ಟದ ಹಂಚಿಕೆ, ಅದೂ ನೌಕರರ ನಡುವೆ ಮಾತ್ರ.

ಎರಡನೆಯದು, ಕಡಿತ ಉದ್ಯೋಗ ಉಳಿಸುತ್ತದೆಂಬ ಖಾತ್ರಿಯಿಲ್ಲ. 2020ರ ಮೇ ತಿಂಗಳಲ್ಲಿ ಇಂಡಿಗೋ ಸಂಬಳ ಕಡಿತ ತಂದಿತು. ಜುಲೈನಲ್ಲಿ ಶೇ 10ರಷ್ಟು ಸಿಬ್ಬಂದಿಯನ್ನು ತೆಗೆಯುವುದಾಗಿ ಘೋಷಿಸಿತು. ಪೈಲಟ್‌ಗಳ ಸಂಬಳ ಹಳೆಯ ಮಟ್ಟಕ್ಕೆ ಬರಲು 2022ರವರೆಗೆ ಕಾಯಬೇಕಾಯಿತು. ಅಮೆರಿಕದಲ್ಲಿ ಇನ್ನೂ ಕಠೋರ ಉದಾಹರಣೆಯಿದೆ. ಹಡ್ಸನ್ ನದಿಯ ಮೇಲೆ ವಿಮಾನ ಇಳಿಸಿ 155 ಜನರನ್ನು ಉಳಿಸಿದ ಕ್ಯಾಪ್ಟನ್ ಸಲೆನ್‌ಬರ್ಗರ್ ಮರುತಿಂಗಳೇ, 2009ರ ಫೆಬ್ರವರಿಯಲ್ಲಿ, ಅಮೆರಿಕ ಸಂಸತ್ತಿನ ಸಮಿತಿಯ ಮುಂದೆ ತನ್ನ ಸಂಬಳ ಶೇ 40ರಷ್ಟು ಕಡಿತವಾಗಿದೆ, ಪಿಂಚಣಿಯೂ ಹೋಗಿದೆ ಎಂದರು. ಅದು ಗಂಟೆ ಹಂಚಿಕೆಯಿಂದ ಆದದ್ದಲ್ಲ, ದಿವಾಳಿ ಕಾಲದ ಬಿಟ್ಟುಕೊಡುವಿಕೆಯಿಂದ ಆದದ್ದು. ಆದರೆ ಬಿಟ್ಟುಕೊಟ್ಟದ್ದನ್ನು ವಾಪಸ್ ಪಡೆಯುವ ಕಷ್ಟ ಎರಡರಲ್ಲೂ ಒಂದೇ.

ಮೂರನೆಯದನ್ನು ನಾನು ಹೆಚ್ಚು ಒತ್ತಿ ಹೇಳಬೇಕು. ಜೆಟ್ ಏರ್‌ವೇಸ್ ಪೈಲಟ್‌ಗಳಿಗೆ 2019ರ ಆರಂಭದಿಂದಲೇ ಸಂಬಳ ಬಾಕಿಯಿತ್ತು. ಏಪ್ರಿಲ್ 1ರಿಂದ ಹಾರುವುದಿಲ್ಲ ಎಂದ ಯೂನಿಯನ್, ಕಂಪನಿ ಉಳಿಯಲಿ ಎಂದು ಅದನ್ನು ಏಪ್ರಿಲ್ 15ಕ್ಕೆ ಮುಂದೂಡಿತು. ಏಪ್ರಿಲ್ 17ರಂದು ಕಂಪನಿ ನಿಂತಿತು. ಕಷ್ಟವನ್ನು ಎಲ್ಲರೂ ಹೊತ್ತುಕೊಂಡರೆ ಸಂಸ್ಥೆ ಬದುಕುತ್ತದೆ ಎಂಬ ನಂಬಿಕೆಯಲ್ಲಿ ತಿಂಗಳುಗಳು ಹೋದವು. ಬೇಗ ಹೊರಬಿದ್ದವರು ಬೇರೆ ಕಂಪನಿ ಸೇರಿಕೊಂಡರು. ಹೊರಬೀಳುವುದೂ ಸುಲಭವಲ್ಲ: ವಿಮಾನಯಾನ ನಿಯಂತ್ರಕ ಡಿಜಿಸಿಎಯ 2017ರ ನಿಯಮದಂತೆ ಕಮಾಂಡರ್ 12 ತಿಂಗಳು, ಫಸ್ಟ್ ಆಫೀಸರ್ 6 ತಿಂಗಳು ಮುಂಚಿತ ನೋಟಿಸ್ ಕೊಡಬೇಕು. ಅರ್ಧ ಸಂಬಳದಲ್ಲಿ ಒಂದು ವರ್ಷ ನೋಟಿಸ್ ದುಡಿಯುವ ಕಮಾಂಡರ್‌ಗೆ ಹಂಚಿಕೆಯಿಂದ ಸಿಕ್ಕ ರಕ್ಷಣೆ ಯಾವುದು? ಕೆಲಸದಿಂದ ತೆಗೆದರೆ ಕನಿಷ್ಠ ಪಕ್ಷ ಆತ ಸ್ವತಂತ್ರ.

ನಾಲ್ಕನೆಯದಾಗಿ, ಪೈಲಟ್ ಎಷ್ಟೇ ಕಡಿಮೆ ಹಾರಿದರೂ ಆತನ ವೈದ್ಯಕೀಯ ತಪಾಸಣೆ, ವಿಮೆ, ಆರು ತಿಂಗಳಿಗೊಮ್ಮೆ ಸಿಮ್ಯುಲೇಟರ್ ಪರೀಕ್ಷೆಯ ಖರ್ಚು ಇಳಿಯುವುದಿಲ್ಲ. ಗಂಟೆ ತೆಳ್ಳಗೆ ಹರಡಿದರೆ ಎಲ್ಲರ ಕೈಯೂ ಸ್ವಲ್ಪ ಸ್ವಲ್ಪ ಜಡವಾಗುತ್ತದೆ ಎಂಬುದನ್ನೂ ಸುರಕ್ಷತೆ ನೋಡುವವರು ಗಮನಿಸಬೇಕು.

ಕಳಿಸುವುದೇ ಎಲ್ಲಕ್ಕೂ ಪರಿಹಾರ ಎಂದು ನಾನು ಹೇಳುತ್ತಿಲ್ಲ. 2020ರಲ್ಲಿ ಅಮೆರಿಕದ ಡೆಲ್ಟಾ ಏರ್‌ಲೈನ್ಸ್‌ನ 1,800ರಷ್ಟು ಹಿರಿಯ ಪೈಲಟ್‌ಗಳು ಹಣ ಪಡೆದು ಅವಧಿಗೆ ಮುನ್ನ ನಿವೃತ್ತರಾದರು. ಎರಡು ವರ್ಷ ಕಳೆಯುವುದರೊಳಗೆ ಅಮೆರಿಕದಲ್ಲಿ ಪೈಲಟ್‌ಗಳೇ ಸಾಲದೆ, ವಿಮಾನ ರದ್ದಾಗಿ ಪ್ರಯಾಣಿಕರು ನಿಲ್ದಾಣಗಳಲ್ಲಿ ಕಾಯುವಂತಾಯಿತು. ಆ ಹಿರಿಯ ಪೈಲಟ್‌ಗಳಲ್ಲಿ ಅರ್ಧದಷ್ಟು ಜನರನ್ನು ಕಡಿಮೆ ಗಂಟೆಯಲ್ಲಿ ಇಟ್ಟುಕೊಂಡಿದ್ದರೆ ಪರಿಸ್ಥಿತಿ ಬೇರೆಯಿರುತ್ತಿತ್ತು. ಕೆಲವೇ ತಿಂಗಳ ಹೊಡೆತ, ಮುಗಿಯುವ ದಿನಾಂಕ ಕಾಗದದ ಮೇಲೆ, ಸಂಬಳದ ಒಂದು ಪಾಲು ಸರ್ಕಾರದಿಂದ, ಹಂಚಿಕೆ ನಡೆಯುವಷ್ಟು ಕಾಲ ನೋಟಿಸ್ ಅವಧಿ ರದ್ದು: ಇಷ್ಟಿದ್ದರೆ ನಾನೂ ಒಪ್ಪುತ್ತೇನೆ. ಈ ನಾಲ್ಕರಲ್ಲಿ ಇಂದು ಭಾರತದ ಪೈಲಟ್‌ಗೆ ಖಾತ್ರಿಯಾಗಿ ಸಿಗುವುದು ಒಂದೂ ಇಲ್ಲ.