ಕಮಿಷನ್ ಬೇಕು, ಹೊಣೆ ಬೇಡ!

ಚಳ್ಳಕೆರೆ ತಾಲೂಕಿನ ವರವು ಕಾವಲಿನಲ್ಲಿ 2017ರ ಮೇ ತಿಂಗಳಲ್ಲಿ ಡಿಆರ್‌ಡಿಓದ ವಿಮಾನ ಪರೀಕ್ಷಾ ನೆಲೆ ಉದ್ಘಾಟನೆಯಾಯಿತು. ಕುರಿಗಾಹಿಗಳು ಕಳೆದುಕೊಂಡ ಹುಲ್ಲುಗಾವಲಿನ ಹೆಸರು ದಲ್ಲಾಳಿಗಳ ಬಾಯಲ್ಲಿ ಬಂಗಾರವಾಯಿತು. "ವಿಜ್ಞಾನಿಗಳು ಬರ್ತಾರೆ ಸಾಹೇಬ್ರೇ, ಈಗಲೇ ಮುಂಗಡ ಕೊಟ್ಟುಬಿಡಿ" ಎನ್ನುವವನಲ್ಲಿ ಭೂಪರಿವರ್ತನೆಯ ಆದೇಶ ಕೇಳಿದರೆ, "ಅದೆಲ್ಲ ಆಗುತ್ತೆ" ಎಂಬ ಉತ್ತರ.

ಮೋಸ ಬಯಲಾದಾಗ ಜನ ಬೈಯುವುದು ಕೊಂಡವನನ್ನೇ: "ನೋಡಿ ತಗೋಬಾರದಿತ್ತೇ?" ನೋಡಿಕೊಡಲೆಂದೇ ಅಲ್ಲವೇ ಆತ ದಲ್ಲಾಳಿಗೆ ಕಮಿಷನ್ ತೆತ್ತದ್ದು? ಮಾರುವವನಿಂದಲೂ ಕೊಳ್ಳುವವನಿಂದಲೂ ಹಣ ಪಡೆಯುವವನು ಕೊನೆಗೆ ಯಾರ ಪರ?

ಕಾನೂನು ಇಲ್ಲವೆಂದಲ್ಲ. 2016ರ ರೇರಾ ಕಾಯ್ದೆಯ ಪ್ರಕಾರ ನೋಂದಾಯಿತ ಬಡಾವಣೆಯ ಮನೆ, ನಿವೇಶನ ಮಾರಿಸುವ ಏಜೆಂಟನೂ ನೋಂದಾಯಿಸಿಕೊಳ್ಳಬೇಕು. ತಪ್ಪಿದರೆ ದಿನಕ್ಕೆ 10,000 ರೂಪಾಯಿ ದಂಡ. ಆದರೆ 500 ಚದರ ಮೀಟರಿನೊಳಗಿನ ಬಡಾವಣೆಗಳಿಗೆ ನೋಂದಣಿ ಕಡ್ಡಾಯವಲ್ಲ. ಯೋಜನಾ ಪ್ರದೇಶದ ಹೊರಗಿನವೂ ಸಾಮಾನ್ಯವಾಗಿ ತಪ್ಪಿಸಿಕೊಳ್ಳುತ್ತವೆ. ಬಡವನ ಕೈಗೆಟಕುವುದು ಅಂಥ ತುಂಡುಗಳೇ. ಕಾನೂನಿನ ಕೊಡೆ ಅವನ ತಲೆಯ ಮೇಲೇ ತೂತಾಗಿದೆ.

ದಲ್ಲಾಳಿತನ ಹರಾಮ್ ಅಲ್ಲ; ದೋಷ ಮುಚ್ಚಿಡುವುದು ಹರಾಮ್. ಪ್ರವಾದಿ(ಸ)ಯವರು ಸಂತೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಯಿಟ್ಟು, ಅಡಿಯಲ್ಲಿ ಒದ್ದೆ ಕಾಳು ಬಚ್ಚಿಟ್ಟವನನ್ನು ತರಾಟೆಗೆ ತೆಗೆದುಕೊಂಡ ಘಟನೆಯನ್ನು ಜುಮಾ ಪ್ರವಚನದಲ್ಲಿ ಕೇಳಿ, ಸಂಜೆ ಖಾತೆಯಿಲ್ಲದ ನಿವೇಶನ ತೋರಿಸಲು ಹೊರಡುವ ನಮ್ಮವರೂ ಇದ್ದಾರೆ. ಅವರಿಗೆ ಮಸೀದಿಯ ಮೊದಲ ಸಾಲಿನಲ್ಲಿ ಮರ್ಯಾದೆ ಬೇರೆ!

ಖಾತೆ, ಪರಿವರ್ತನಾ ಆದೇಶ, ಋಣಭಾರ ಪತ್ರ ಕೈಸೇರುವ ತನಕ ಮುಂಗಡ ಕೊಡಬೇಡಿ. ಕಮಿಷನ್ ಕೊಡುವುದಾದರೆ ನೋಂದಣಿಯ ಬಳಿಕ, ರಸೀದಿ ಪಡೆದು ಕೊಡಿ. ರಸೀದಿಗೆ ಸಹಿ ಹಾಕಲೊಲ್ಲದವನು ನೆಂಟನೇ ಆಗಿರಲಿ, ಸಲಾಂ ಹೇಳಿ ಹೊರಟುಬಿಡಿ.